ನೋವಿನ ಚಿಕಿತ್ಸೆ: ಮದ್ದಿನಷ್ಟೇ ಮುಖ್ಯ ಮಾತು

ಗಡಿನಾಡಿನಲ್ಲಿ ಕನ್ನಡದ ಹಕ್ಕೆಂದರೆ ಶಾಲೆ, ಅರ್ಜಿ, ನಾಮಫಲಕಗಳ ಪ್ರಶ್ನೆಯೆಂದೇ ನಾವು ಬಗೆದಿದ್ದೇವೆ. ಅದು ಆಸ್ಪತ್ರೆಯ ಕೊಠಡಿಯ ಪ್ರಶ್ನೆಯೂ ಹೌದೆಂಬುದು ದೀರ್ಘಕಾಲದ ನೋವಿನ ವಿಚಾರದಲ್ಲಿ ಸ್ಪಷ್ಟವಾಗುತ್ತದೆ.

ಮೂರು ತಿಂಗಳಿಗೂ ಮೀರಿ ಉಳಿಯುವ ಅಥವಾ ಮರುಕಳಿಸುವ ನೋವನ್ನು ವೈದ್ಯಶಾಸ್ತ್ರವು ದೀರ್ಘಕಾಲೀನ ನೋವೆಂದು ಪರಿಗಣಿಸುತ್ತದೆ. ದಿನವಿಡೀ ಬಾಗಿ ಬೀಡಿ ಕಟ್ಟುವ ಮಹಿಳೆಯರಿಗೂ ಅಡಿಕೆ ತೋಟದ ಕಾರ್ಮಿಕರಿಗೂ ಸೊಂಟನೋವು, ಕತ್ತುನೋವು ಅಪರಿಚಿತವಲ್ಲ. ಇದರ ಚಿಕಿತ್ಸೆಗೆ ಹಲವು ದಾರಿಗಳಿವೆ.

ಮೊದಲನೆಯದು ಮಾತ್ರೆ. ಸಾಮಾನ್ಯ ನೋವುನಿವಾರಕಗಳು ತಾತ್ಕಾಲಿಕ ಶಮನ ನೀಡುತ್ತವೆ. ಅವುಗಳಲ್ಲಿ ಹಲವನ್ನು ವೈದ್ಯರ ನಿಗಾ ಇಲ್ಲದೆ ವರ್ಷಗಟ್ಟಲೆ ನುಂಗಿದರೆ ಜಠರಕ್ಕೂ ಮೂತ್ರಪಿಂಡಕ್ಕೂ ಅಪಾಯ. ನರಸಂಬಂಧಿ ನೋವಿಗೆ ಅವು ಅಷ್ಟಾಗಿ ನಾಟುವುದೂ ಇಲ್ಲ; ಅದಕ್ಕೆ ಬಳಸುವ ಔಷಧಿಗಳೇ ಬೇರೆ. ಎರಡನೆಯದು ವ್ಯಾಯಾಮ ಮತ್ತು ಮನೋಚಿಕಿತ್ಸೆ. ದೀರ್ಘಕಾಲದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯು ರೋಗಿಗೆ ತಿಳಿವಳಿಕೆ, ವ್ಯಾಯಾಮ ಹಾಗೂ ಮಾನಸಿಕ ನೆರವನ್ನು ಶಿಫಾರಸು ಮಾಡಿತು. ಸೊಂಟಪಟ್ಟಿಯನ್ನೂ ಅಫೀಮು ವರ್ಗದ ಔಷಧಿಗಳನ್ನೂ ವಾಡಿಕೆಯಾಗಿ ಬಳಸಬಾರದೆಂದಿತು. ಆದರೆ ಅದೇ ವರ್ಗದ ಮಾರ್ಫಿನ್ ಕ್ಯಾನ್ಸರಿನ ತೀವ್ರ ನೋವಿಗೆ ಅತ್ಯವಶ್ಯಕ. ಮೂರನೆಯದು, ಕೇರಳವು ಹೆಸರು ಗಳಿಸಿರುವ ಪಾಲಿಯೇಟಿವ್ ಆರೈಕೆ. 1993ರಲ್ಲಿ ಕಲ್ಲಿಕೋಟೆಯಲ್ಲಿ ಮೊಳೆತ ಈ ಚಳವಳಿಗೆ 2008ರ ರಾಜ್ಯ ನೀತಿ ಬಲ ನೀಡಿತು. ಸ್ಥಳೀಯಾಡಳಿತದ ನೆರವಿನಿಂದ ದಾದಿಯರು ಮನೆಬಾಗಿಲಿಗೆ ಬರುತ್ತಾರೆ.

ಯಾರಿಗೆ ಯಾವ ದಾರಿ ಎಂಬುದನ್ನು ನಿರ್ಧರಿಸಲು ಎಕ್ಸ್‌ರೇ, ಸ್ಕ್ಯಾನ್‌ಗಳಷ್ಟೇ ಸಾಲವು. ನೋವನ್ನು ಅಳೆಯುವ ಯಂತ್ರವಿಲ್ಲ. ರೋಗಿಯ ಮಾತೇ ಮುಖ್ಯ ಆಧಾರ. ಉರಿಯೋ, ಜೋಮೋ, ಸೆಳೆತವೋ, ಹಿಡಿದಂತಾಗುವುದೋ ಎಂಬ ವ್ಯತ್ಯಾಸದಿಂದಲೇ ನರದ ನೋವನ್ನು ಸ್ನಾಯುವಿನ ನೋವಿನಿಂದ ಬೇರ್ಪಡಿಸುವ ಕೆಲಸ ಆರಂಭವಾಗುತ್ತದೆ. ಮಲಯಾಳ ಬಾರದ ವೃದ್ಧೆ ಈ ನಾಲ್ಕನ್ನೂ ‘ವೇದನ’ ಎಂಬ ಒಂದೇ ಪದಕ್ಕೆ ಇಳಿಸಬೇಕಾದರೆ ಚೀಟಿಯಲ್ಲಿ ಉಳಿಯುವುದು ಮತ್ತದೇ ನೋವಿನ ಮಾತ್ರೆ. ವ್ಯಾಯಾಮದ ಸೂಚನೆ ಅರ್ಥವಾಗದು. ಮೊಮ್ಮಗನನ್ನು ದುಭಾಷಿಯಾಗಿ ಕೂರಿಸಿಕೊಂಡು ಮನದ ದುಗುಡ ಹೇಳಲಾಗದು.

ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ನೀಡಿದೆ. ಕಚೇರಿಗೆ ಕನ್ನಡದಲ್ಲಿ ಬರೆಯಬಹುದಾದವರು ವೈದ್ಯರಿಗೆ ಕನ್ನಡದಲ್ಲಿ ಹೇಳಿಕೊಳ್ಳಲಾಗದಿರುವುದು ವಿಪರ್ಯಾಸ. ಆದುದರಿಂದ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಪಾಲಿಯೇಟಿವ್ ತಂಡಗಳಲ್ಲಿ ಕನ್ನಡ, ತುಳು ಬಲ್ಲವರಿರಬೇಕು. ನೋವಿನ ಪ್ರಶ್ನಾವಳಿಯೂ ವ್ಯಾಯಾಮದ ಚೀಟಿಯೂ ಕನ್ನಡದಲ್ಲಿ ದೊರೆಯಬೇಕು. ಗ್ರಾಮಸಭೆಗಳಲ್ಲಿ ನಾವು ಶಾಲೆಯ ಬೇಡಿಕೆಯ ಜತೆಗೆ ಇದನ್ನೂ ಬರೆಯಿಸೋಣ.