ಕಾರ್ಡ್ ಕೆಟ್ಟಿರಲಿಲ್ಲ

ಸಾಫ್ಟ್‌ವೇರ್ ಕೆಲಸ ಅಂದಮೇಲೆ ಮನೆಮಂದಿಯ ಪ್ರಿಂಟರ್, ವೈಫೈ, ಫೋನು ಎಲ್ಲಾ ನಮ್ಮ ತಲೆಗೇ. ನಿಮ್ಮ ಮನೇಲೂ ಹಾಗೇ ಇರಬೇಕು. ಈ ಸಲ ಫೋನ್ ಬಂದದ್ದು ಹರಿಹರದಿಂದ, ದೊಡ್ಡಪ್ಪನ ಮಗನದು. "ಲೇ ತಮ್ಮಾ, ಹೊಸ ಕಾರ್ಡ್ ಹಾಕ್ಸೀನಿ, ಮೆಡಲ್ ಆಫ್ ಆನರ್ ಓಪನ್ನೇ ಆಗವಲ್ದು."

ಅಣ್ಣನದು ಲೇತ್ ಅಂಗಡಿ. ಡ್ರಾಯಿಂಗ್ ಕೆಲಸಕ್ಕೆ ಅಂತ ದಾವಣಗೆರೆಯಲ್ಲಿ ಕಂಪ್ಯೂಟರ್ ಜೋಡಿಸಿಕೊಂಡು ಹೋಗಿದ್ದ. ಗ್ರಾಫಿಕ್ಸ್ ಕಾರ್ಡಿಗೇ ಮೂವತ್ತು ಸಾವಿರದ ಹತ್ತಿರ. ಆದರೆ ತಂದ ರಾತ್ರಿ ಮೊದಲು ಹಾಕಿದ್ದು ಡ್ರಾಯಿಂಗ್ ಸಾಫ್ಟ್‌ವೇರ್ ಅಲ್ಲ, ಹಳೇ ಹಾರ್ಡ್‌ಡಿಸ್ಕಿನಿಂದ ಎತ್ತಿದ 'ಮೆಡಲ್ ಆಫ್ ಆನರ್: ಅಲೈಡ್ ಅಸಾಲ್ಟ್'. 2002ರ ಆಟ. (ಮೂಲ ಸಿಡಿ ಎಲ್ಲಿ ಅಂತ ಕೇಳಬೇಡಿ.) ನಾನು ಬೇಸಿಗೆ ರಜಕ್ಕೆ ಹರಿಹರಕ್ಕೆ ಹೋದಾಗ ಅವನು ಮೌಸ್ ಹಿಡೀತಿದ್ದ, ನಾನು ಕೀಬೋರ್ಡು. ಒಮಾಹಾ ಬೀಚ್‌ನಲ್ಲಿ ದೋಣಿಯಿಂದ ಇಳಿದು ಗುಂಡಿನ ಮಳೆಯಲ್ಲಿ ಓಡುವ ಹಂತ ಇದೆಯಲ್ಲ, ಅಲ್ಲಿ ನಾವು ಸತ್ತಿದ್ದಕ್ಕೆ ಲೆಕ್ಕ ಇಲ್ಲ. ಅದನ್ನು ಮಗಳಿಗೆ ತೋರಿಸಬೇಕು ಅಂತ ಅವನ ಆಸೆ.

"ಬೇರೆ ಗೇಮ್ ಓಡುತ್ತಾ?" ನಾನು ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಇದು. ಕೇಳಲಿಲ್ಲ. ಮೀಟಿಂಗ್ ನಡೀತಿತ್ತು, ಮ್ಯೂಟ್‌ನಲ್ಲಿದ್ದೆ. "ಇಷ್ಟು ಹಳೇ ಗೇಮೇ ಎಳೀತಿಲ್ಲ ಅಂದ್ರೆ ಕಾರ್ಡೇ ಫಾಲ್ಟ್ ಇರಬೇಕು, ವಾಪಸ್ ಕೊಡು" ಅಂದುಬಿಟ್ಟೆ.

ಅಂಗಡಿಯವನು ಅಣ್ಣನ ಜೊತೆ ಓದಿದವನು, ಮರುಮಾತಾಡದೆ ಬದಲಾಯಿಸಿ ಕೊಟ್ಟ. ಎರಡನೇ ಕಾರ್ಡಿನಲ್ಲೂ ಅದೇ ಕಥೆ. ಪರದೆ ಒಂದು ಸಲ ಕಪ್ಪಾಗೋದು, ಮರುಕ್ಷಣ ಡೆಸ್ಕ್‌ಟಾಪ್. ಅಣ್ಣ ಮತ್ತೆ ಹೋದ. "ನಮ್ ತಮ್ಮ ಇಂಜಿನಿಯರು, ಅವನೇ ಹೇಳ್ಯಾನ" ಅಂತ ಗಿರಾಕಿಗಳ ಎದುರಿಗೇ ಜಗಳ. 'ಡೂಪ್ಲಿಕೇಟ್ ಮಾಲು' ಅನ್ನೋ ಮಾತೂ ಬಂತಂತೆ. ಅಲ್ಲಿಗೆ ಇಬ್ಬರ ಮಾತುಕತೆ ನಿಂತಿತು.

ಇದೆಲ್ಲ ಗೊತ್ತಾದ ಮೇಲೆ ಭಾನುವಾರ ಬಸ್ ಹತ್ತಿದೆ. ದಾವಣಗೆರೆಯಿಂದ ಹರಿಹರ ಹದಿನಾಲ್ಕು ಕಿಲೋಮೀಟರ್. ಇಷ್ಟಕ್ಕೆ ಮೊದಲೇ ಬರೋಕೆ ಏನಾಗಿತ್ತು ಅಂತ ದಾರಿಯುದ್ದಕ್ಕೂ ಅನಿಸ್ತಿತ್ತು.

ಹೋದವನೇ ಎಲ್ಲರೂ ಮಾಡೋದನ್ನೇ ಮಾಡಿದೆ. ಕಂಪ್ಯಾಟಿಬಿಲಿಟಿ ಮೋಡ್, ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್, ಡ್ರೈವರ್ ಅಪ್‌ಡೇಟ್. ಏನೂ ಇಲ್ಲ. ಕಾರ್ಡಿಗೆ ಅರ್ಧ ಗಂಟೆ ಸ್ಟ್ರೆಸ್ ಟೆಸ್ಟ್ ಕೊಟ್ಟೆ, ಫ್ಯಾನ್ ಜೋರಾಗಿ ತಿರುಗಿತು ಅಷ್ಟೇ, ಅಲುಗಾಡಲಿಲ್ಲ. ಈ ವರ್ಷದ ಭಾರೀ ಗೇಮಿನ ಡೆಮೊ ನೀರು ಕುಡಿದಂಗೆ ಓಡಿತು. ಆಗಲೇ ನನ್ನ ಹೊಟ್ಟೆಯೊಳಗೆ ಕಸಿವಿಸಿ ಶುರುವಾಯ್ತು. ಕೆಟ್ಟ ಕಾರ್ಡ್ ಹೊಸ ಗೇಮಿಗೆ ಜಗ್ಗದೆ 2002ರ ಗೇಮಿಗೆ ಮಾತ್ರ ಯಾಕೆ ಸಾಯುತ್ತೆ?

ಈ ಆಟ ನಿಂತಿರೋದು ಕ್ವೇಕ್ 3 ಇಂಜಿನ್ ಮೇಲೆ. ಅದಕ್ಕೆ ಲಾಗ್ ಬರೆಸುವ ಅಭ್ಯಾಸ ಉಂಟು, ಶಾರ್ಟ್‌ಕಟ್‌ನಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಬರೆಸಿ ತೆಗೆದು ನೋಡಿದೆ. ಕಾರ್ಡ್ ತಯಾರಿಸಿದವರ ಹೆಸರು, ಕಾರ್ಡಿನ ಹೆಸರು, ಓಪನ್‌ಜಿಎಲ್ ವರ್ಷನ್. ನಾಲ್ಕನೆಯದಾಗಿ 'ಎಕ್ಸ್‌ಟೆನ್ಷನ್ಸ್' ಅಂತ ಬರಬೇಕಿತ್ತು. ಅಲ್ಲಿಗೆ ಫೈಲ್ ಖಾಲಿ.

ಕ್ವೇಕ್ 3 ಅರೀನಾ ಬಂದದ್ದು 1999ರಲ್ಲಿ. ಅದರ ಮೇಲೆ ಕಟ್ಟಿದ ಆಟಗಳು ಶುರುವಾಗುವಾಗ ಡ್ರೈವರನ್ನು ಒಂದು ಪ್ರಶ್ನೆ ಕೇಳುತ್ತವೆ: ನಿನಗೆ ಏನೇನು ಬರುತ್ತೆ? ಡ್ರೈವರ್ ತನಗೆ ಗೊತ್ತಿರುವ ವಿದ್ಯೆಗಳ ಹೆಸರನ್ನೆಲ್ಲ ಒಂದೇ ಸಾಲಿನಲ್ಲಿ ಹೇಳುತ್ತೆ. ಆ ಕಾಲದ ಕಾರ್ಡಿಗೆ ಕೆಲವು ಡಜನ್ ಹೆಸರು, ಈಗಿನದಕ್ಕೆ ನೂರಾರು. ಬಂದ ಉತ್ತರವನ್ನು ಆಟ ತನ್ನ ಕನ್ಸೋಲಿಗೆ ಬರೆಯುವಾಗ ಒಂದು ಡಬ್ಬಿಗೆ ಸುರಿದುಕೊಳ್ಳುತ್ತೆ. ಕ್ವೇಕ್ 3ರ ಸೋರ್ಸ್ ಕೋಡನ್ನು 2005ರಲ್ಲಿ ಬಿಡುಗಡೆ ಮಾಡಿದ್ದಾರೆ, ಯಾರು ಬೇಕಾದರೂ ತೆಗೆದು ನೋಡಬಹುದು: ಆ ಡಬ್ಬಿಯ ಅಳತೆ 4,096 ಅಕ್ಷರ, ತುಂಬಿತೋ ಇಲ್ಲವೋ ಅಂತ ನೋಡುವವರಿಲ್ಲ. ಉಕ್ಕಿದ್ದು ಪಕ್ಕದ ಮೆಮೊರಿಯ ಮೇಲೆ ಚೆಲ್ಲುತ್ತೆ, ಆಟ ಬೀಳುತ್ತೆ. ನಾನೂ ಇಂಥ ಡಬ್ಬಿ ಬರೆದಿದ್ದೀನಿ, ಸೀನಿಯರ್ ಹತ್ತಿರ ಬೈಸಿಕೊಂಡೂ ಇದ್ದೀನಿ.

ದೊಡ್ಡಪ್ಪ ಹಿಂದೆ ನಿಂತು ಕೇಳ್ತಿದ್ದರು. ಅವರ ಅಂಗಡಿಯಲ್ಲಿ ಇವತ್ತಿಗೂ ಒಂದು ಹಳೇ ಕಿರ್ಲೋಸ್ಕರ್ ಲೇತ್ ಇದೆ, ಹರಿಹರದಲ್ಲೇ ತಯಾರಾದದ್ದು. ಮೈಸೂರು ಕಿರ್ಲೋಸ್ಕರ್ ಇಲ್ಲಿ ಶುರುವಾದದ್ದು 1941ರಲ್ಲಿ. "ಅಂದ್ರ ರಾಡ್ ದಪ್ಪ ಐತೆ, ಸ್ಪಿಂಡಲ್ ತೂತು ಸಣ್ಣದು. ಅದಕ್ಕ ರಾಡ್ ಕೆಟ್ಟೈತಿ ಅಂತ ವಾಪಸ್ ಕಳಿಸಿದ್ರೇನು?" ಅಂದರು. ನಾನು ಸ್ಕ್ರೀನ್ ನೋಡ್ತಾ ಕೂತೆ.

ಪರಿಹಾರ ನಗು ಬರುವಷ್ಟು ಸುಲಭ. ಕೆಲವು ಡ್ರೈವರ್‌ಗಳು ಕ್ವೇಕ್ 3ರ ಫೈಲ್ ಹೆಸರು ಕಂಡರೆ 'ಇದು ಹಳೇ ಆಸಾಮಿ' ಅಂತ ಗುರುತಿಸಿ ಪಟ್ಟಿಯನ್ನು ಮೊಟಕು ಮಾಡಿ ಹೇಳುತ್ತವೆ. ಆಟದ ಫೋಲ್ಡರಿನಲ್ಲಿ ಎಕ್ಸ್‌ಇ ಫೈಲನ್ನು ಕಾಪಿ ಮಾಡಿ, ಆ ಕಾಪಿಗೆ 'ಕ್ವೇಕ್3' ಅಂತ ಹೆಸರಿಟ್ಟೆ, ಇಂಗ್ಲಿಷಿನಲ್ಲಿ, ನಡುವೆ ಜಾಗ ಬಿಡದೆ. ಮೂಲ ಫೈಲನ್ನು ಮುಟ್ಟಲಿಲ್ಲ, ನೀವೂ ಮುಟ್ಟಬೇಡಿ. ಶಾರ್ಟ್‌ಕಟ್ ಮಾತ್ರ ಹೊಸದು ಮಾಡಿಕೊಳ್ಳಬೇಕು. ನಿಮ್ಮ ಕಾರ್ಡಿನಲ್ಲಿ ಇದು ನಡೆಯದಿದ್ದರೆ, ಎನ್‌ವಿಡಿಯಾದವರ ಡ್ರೈವರಿನಲ್ಲಿ 'ಎಕ್ಸ್‌ಟೆನ್ಷನ್ ಲಿಮಿಟ್' ಅನ್ನೋ ಸೆಟ್ಟಿಂಗೇ ಇದೆ. ಲಿನಕ್ಸ್‌ನ ಮೆಸಾ ಡ್ರೈವರ್ ನನಗೆ ಇನ್ನೂ ಇಷ್ಟ. ಅದಕ್ಕೆ ಒಂದು ಇಸವಿ ಹೇಳಿದರೆ ಆಮೇಲೆ ಬಂದ ವಿದ್ಯೆಗಳನ್ನೆಲ್ಲ ಬಚ್ಚಿಡುತ್ತೆ. 2002 ಅಂದರೆ ನಿನ್ನೆ ಕೊಂಡ ಕಾರ್ಡೂ 2002ರ ಕಾರ್ಡಿನ ಹಾಗೆ ಮಾತಾಡುತ್ತೆ.

ಡಬಲ್ ಕ್ಲಿಕ್ ಮಾಡಿದೆ. ಪರದೆ ಕಪ್ಪಾಯ್ತು, ಆಮೇಲೆ ಮೆನು. ಲೋಡ್ ಗೇಮ್ ಒತ್ತಿದರೆ ನಮ್ಮ ಹಳೇ ಸೇವ್‌ಗಳು ಇನ್ನೂ ಅಲ್ಲೇ. ಅಣ್ಣನ ಮಗಳು ಐದು ನಿಮಿಷ ನೋಡಿ, "ಗ್ರಾಫಿಕ್ಸ್ ಯಾಕೆ ಹಿಂಗೈತೆ?" ಅಂತ ಫೋನ್ ಹಿಡಿದು ಹೊರಗೆ ಹೋದಳು. ಅಣ್ಣ ಮೌಸ್ ಬಿಡಲಿಲ್ಲ. ನಾನು ಕೀಬೋರ್ಡ್ ಕಡೆ ಕುರ್ಚಿ ಎಳೆದುಕೊಂಡೆ. ದೋಣಿಯಿಂದ ಇಳಿದು ಹತ್ತು ಹೆಜ್ಜೆಗೆ ಸತ್ತೆವು.

ಸೋಮವಾರ ಸಂಜೆ ಇಬ್ಬರೂ ದಾವಣಗೆರೆಯ ಆ ಅಂಗಡಿಗೆ ಹೋದೆವು. ಅಣ್ಣ ಬೈಕ್ ಸ್ಟ್ಯಾಂಡ್ ಹಾಕಿ, "ನೀನೇ ಹೋಗಿ ಹೇಳು, ಮೊದಲು ಹೇಳಿದವನೂ ನೀನೇ ಅಲ್ಲಾ" ಅಂದ. ಒಳಗೆ ಹೋಗಿ, "ಎರಡು ಕಾರ್ಡೂ ಸರಿ ಇದ್ವು ಸರ್, ನೋಡದೇನೇ ಹೇಳಿದ್ದು ನಂದೇ ತಪ್ಪು" ಅಂದೆ. ಅವರು ಬಿಲ್ ಬುಕ್‌ನಿಂದ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಅದೇನು ಹೆಸರಿಟ್ರಿ ಫೈಲಿಗೆ?" ಅಂತ ಕೇಳಿ, ಬಿಲ್ ಬುಕ್ಕಿನ ಹಿಂದುಗಡೆ ಬರೆದುಕೊಂಡರು. ಆಮೇಲೆ ಹುಡುಗನನ್ನು ಕರೆದು ಮೂರು ಟೀ ಹೇಳಿದರು. ಅಣ್ಣ ಇನ್ನೂ ಹೊರಗೆ ಬೈಕಿನ ಮೇಲೇ ಕೂತಿದ್ದ.