ಅವಳ ವಾದಕ್ಕೆ ಉತ್ತರವೇನು?

2023ರ ಆಗಸ್ಟ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟು ನ್ಯಾಯಾಧೀಶರಿಗೂ ವಕೀಲರಿಗೂ ಒಂದು ಕೈಪಿಡಿ ಹೊರತಂದಿತು. ತೀರ್ಪು, ಅರ್ಜಿ, ವಾದಗಳಲ್ಲಿ ಹೆಣ್ಣಿನ ಬಗ್ಗೆ ನುಸುಳಿಕೊಳ್ಳುವ ಸಿದ್ಧ ಕಲ್ಪನೆಗಳನ್ನು ಒಂದೊಂದಾಗಿ ಬರೆದು, ಪಕ್ಕದಲ್ಲಿ ವಾಸ್ತವ ಏನೆಂದು ತಿಳಿಸುವ ಪುಸ್ತಕ ಅದು. ಹೆಂಗಸರು ಅತಿ ಭಾವುಕರು, ತರ್ಕ ಅವರಿಗೆ ಒಗ್ಗದು, ನಿರ್ಧಾರ ತೆಗೆದುಕೊಳ್ಳಲು ಬಾರದು ಎಂಬ ನಂಬಿಕೆಗೂ ಅದರಲ್ಲಿ ಜಾಗವಿದೆ. ವಿವೇಚನೆಯ ಶಕ್ತಿಯನ್ನು ಲಿಂಗ ನಿರ್ಧರಿಸುವುದಿಲ್ಲ ಎಂದು ನ್ಯಾಯಾಲಯ ಅದರ ಎದುರಿಗೆ ದಾಖಲಿಸಿದೆ. ಇಷ್ಟು ಸರಳವಾದ ಮಾತನ್ನು ದೇಶದ ಅತ್ಯುನ್ನತ ನ್ಯಾಯಾಲಯವೇ ನ್ಯಾಯಾಧೀಶರಿಗೆ ಬರೆದು ಕೊಡಬೇಕಾಯಿತು ಎಂಬುದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಕಟಕಟೆಯಲ್ಲಿ ನಿಂತ ಹೆಂಗಸಿನ ಮಾತಿಗೆ ಎಷ್ಟು ತೂಕ ಸಿಗುತ್ತದೆ ಎಂಬುದರ ಮೇಲೆ ಆಸ್ತಿಯ ಪಾಲು, ಮಗುವಿನ ಪಾಲನೆ, ಅತ್ಯಾಚಾರಿಯ ಶಿಕ್ಷೆ ನಿಂತಿರುತ್ತವೆ.

ಕೋರ್ಟಿನ ಹೊರಗೆ ಇದೇ ನಂಬಿಕೆ ಗಾದೆಯಾಗಿ, ನಗೆಹನಿಯಾಗಿ ಓಡಾಡುತ್ತದೆ. ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಎಂಬ ಮಾತು ಕಿವಿಗೆ ಬೀಳದೆ ಬೆಳೆದ ಕನ್ನಡಿಗರು ಕಡಿಮೆ. ಕೇಳಿದ ಹೆಣ್ಣುಮಗಳು ಮುಖ ಸಿಂಡರಿಸಿದರೆ ‘ತಮಾಷೆಗೆ ಅಂದದ್ದಮ್ಮ, ಇದಕ್ಕೆಲ್ಲ ಬೇಜಾರು ಮಾಡ್ಕೊಂಡ್ರೆ ಹೇಗೆ?’ ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ಅಲ್ಲಿಂದ ಮುಂದೆ ಚರ್ಚೆಯೆಲ್ಲ ಬೇಜಾರಿನ ಸುತ್ತಲೇ ಗಿರಕಿ ಹೊಡೆಯುತ್ತದೆ: ಅದು ಅವಮಾನವೋ ಅಲ್ಲವೋ, ಅವಳ ಮನಸ್ಸು ಅಷ್ಟು ಸೂಕ್ಷ್ಮವೋ, ಅವನ ಉದ್ದೇಶ ಏನಿತ್ತು. ನನಗೆ ಇದು ದಾರಿ ತಪ್ಪಿದ ಚರ್ಚೆಯಾಗಿ ಕಾಣುತ್ತದೆ. ನೋವಾಗುವುದು ನಿಜ. ಆದರೆ ಈ ಮಾತು ಮಾಡುವ ಹಾನಿಗಳಲ್ಲಿ ನೋವು ಚಿಕ್ಕದು. ಅವಳು ಮುಂದೆ ಆಡಲಿರುವ ಮಾತನ್ನೆಲ್ಲ ಇದು ಮೊದಲೇ ತಳ್ಳಿಹಾಕಿಬಿಡುತ್ತದೆ. ದೊಡ್ಡ ಹಾನಿ ಅದು.

ಗಂಡಸರಿಗೆ ಅಡುಗೆ ಬಾರದು ಎಂದರೆ, ಅನ್ನಿಸಿಕೊಂಡವನು ಒಂದು ದಿನ ರುಚಿಯಾದ ಹುಳಿ ಮಾಡಿ ಬಡಿಸಿ ಆ ಮಾತನ್ನು ಸುಳ್ಳು ಮಾಡಬಹುದು. ಹೆಂಗಸರಿಗೆ ತರ್ಕ ಬಾರದು ಎಂಬುದನ್ನು ಸುಳ್ಳು ಮಾಡಬೇಕಾದರೆ ವಾದಿಸಬೇಕು. ವಾದಿಸುವ ಯೋಗ್ಯತೆಯೇ ಇಲ್ಲ ಎಂಬುದು ಆರೋಪ. ತಕ್ಕಡಿ ಕಸಿದುಕೊಂಡು ತೂಗಿ ತೋರಿಸು ಎಂದಂತೆ ಇದು. ಅವಳು ಸುಮ್ಮನಿದ್ದರೆ ಹೇಳಲು ಏನೂ ಇಲ್ಲವೆಂದು ಲೆಕ್ಕ. ಸಿಟ್ಟಾದರೆ ಭಾವುಕತೆಗೆ ಸಾಕ್ಷಿ. ಅಂಕಿಅಂಶ ಇಟ್ಟುಕೊಂಡು ಗಟ್ಟಿಯಾಗಿ ಮಾತಾಡಿದರೆ ಗಂಡುಬೀರಿ.

2005ರ ಜನವರಿಯಲ್ಲಿ ಅಮೆರಿಕದ ಕೇಂಬ್ರಿಜ್ ನಗರದ ಒಂದು ಸಮಾವೇಶದಲ್ಲಿ ಇದು ಜಗತ್ತಿಗೆಲ್ಲ ಕಾಣುವಂತೆ ನಡೆಯಿತು. ವಿಜ್ಞಾನ, ಎಂಜಿನಿಯರಿಂಗ್‌ನ ಮೇಲಿನ ಹುದ್ದೆಗಳಲ್ಲಿ ಹೆಂಗಸರು ಯಾಕೆ ಕಡಿಮೆ ಎಂಬ ಪ್ರಶ್ನೆಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಅಂದಿನ ಅಧ್ಯಕ್ಷ ಲ್ಯಾರಿ ಸಮ್ಮರ್ಸ್ ಮೂರು ಕಾರಣ ಮುಂದಿಟ್ಟರು. ಹಗಲಿರುಳು ದುಡಿಮೆ ಬೇಡುವ ಹುದ್ದೆಗೆ ಅನೇಕ ಹೆಂಗಸರು ಬರಲೊಪ್ಪದಿರುವುದು ಮೊದಲನೆಯದು. ಸಾಮರ್ಥ್ಯದ ತುತ್ತತುದಿಯಲ್ಲಿ ಗಂಡು ಹೆಣ್ಣಿನ ನಡುವೆ ಸಹಜವಾದ ವ್ಯತ್ಯಾಸ ಇರಬಹುದಾದ್ದು ಎರಡನೆಯದು. ಬೆಳೆಸುವ ರೀತಿ ಮತ್ತು ತಾರತಮ್ಯ ಮೂರನೆಯದು, ಅವರ ಅಂದಾಜಿನಲ್ಲಿ ಎಲ್ಲಕ್ಕಿಂತ ಕಡಿಮೆ ಮಹತ್ವದ್ದು. ಸಭೆಯಲ್ಲಿದ್ದ ಎಂಐಟಿಯ ಜೀವವಿಜ್ಞಾನಿ ನ್ಯಾನ್ಸಿ ಹಾಪ್ಕಿನ್ಸ್ ಎದ್ದು ಹೊರಗೆ ನಡೆದರು. ಅಲ್ಲೇ ಕೂತಿದ್ದರೆ ತಲೆ ಸುತ್ತಿ ಬೀಳುತ್ತಿದ್ದೆ ಎಂಬರ್ಥದಲ್ಲಿ ಅವರು ಪತ್ರಿಕೆಗೆ ಹೇಳಿದ್ದೇ ತಡ, ಅಂಕಣಕಾರರು ಅದನ್ನೇ ಹಿಡಿದುಕೊಂಡರು. ವಿಜ್ಞಾನಿಯಾದವರು ವಾದಕ್ಕೆ ಪ್ರತಿವಾದ ಹೂಡದೆ ಮೂರ್ಛೆ ಹೋಗುವ ಮಾತಾಡಿದರು ಎಂದು ಮೂದಲಿಸಿದರು.

ಹಾಪ್ಕಿನ್ಸ್ ಪ್ರತಿವಾದವನ್ನು ಅದಾಗಲೇ ಮಂಡಿಸಿಯಾಗಿತ್ತು. 1990ರ ದಶಕದಲ್ಲಿ ಅವರು ಟೇಪು ಹಿಡಿದು ತಮ್ಮ ಸಂಸ್ಥೆಯ ಪ್ರಯೋಗಾಲಯಗಳನ್ನು ಅಳೆದಿದ್ದರು. ಮಹಿಳಾ ವಿಜ್ಞಾನಿಗಳಿಗೆ ಕೊಟ್ಟ ಜಾಗ ಕಡಿಮೆ ಎಂದು ಅಳತೆಯಿಂದಲೇ ತೋರಿಸಿದ್ದರು. ಸಹೋದ್ಯೋಗಿಗಳೂ ಅವರ ಜೊತೆಗೂಡಿ ಕೆಲಸ ಮಾಡಿದರು. 1999ರಲ್ಲಿ ವರದಿ ಹೊರಬಂದಾಗ ಎಂಐಟಿಯ ಅಧ್ಯಕ್ಷರು ತಾರತಮ್ಯ ನಡೆದದ್ದನ್ನು ಒಪ್ಪಿಕೊಂಡರು. ವರ್ಷಗಟ್ಟಲೆ ಪುರಾವೆ ಕೂಡಿಹಾಕಿದ ಹೆಂಗಸನ್ನು ಲೋಕ ಅಳೆದದ್ದು ಅವರು ಬಾಗಿಲು ದಾಟಿದ ಆ ಒಂದು ಗಳಿಗೆಯಿಂದ. ಸಮ್ಮರ್ಸ್ ಆ ಪ್ರಶ್ನೆ ಎತ್ತಲೇಬಾರದಿತ್ತು ಎನ್ನುವವರ ಜೊತೆ ನಾನಿಲ್ಲ. ಸಂಶೋಧನೆಯಲ್ಲಿ ಯಾವ ಪ್ರಶ್ನೆಗೂ ಬಹಿಷ್ಕಾರ ಬೇಡ. ಆದರೆ ಪ್ರಾಧ್ಯಾಪಕರ ಕಾಯಂ ನೇಮಕಕ್ಕೆ ಕೊನೆಯ ಒಪ್ಪಿಗೆ ಕೊಡುವ ವ್ಯಕ್ತಿ, ದಾಖಲೆ ಇರುವ ತಾರತಮ್ಯವನ್ನು ಕೊನೆಗೆ ತಳ್ಳಿ, ಸಾಬೀತಾಗದ ಊಹೆಯನ್ನು ಅದಕ್ಕಿಂತ ಮೇಲಿಟ್ಟದ್ದು ತಪ್ಪು. ಆ ಸಭೆಯಲ್ಲಿದ್ದ ಹೆಂಗಸರಿಗೆ ಅದು ಬರೀ ಸಿದ್ಧಾಂತದ ಮಾತಾಗಿರಲು ಸಾಧ್ಯವಿರಲಿಲ್ಲ.

ಇನ್ನು, ಹೆಂಗಸರಿಗೆ ತರ್ಕ ಒಗ್ಗದು ಎಂಬ ನಂಬಿಕೆ ನಿಜವೇ ಆಗಿದ್ದರೆ ಎಂದು ಕೇಳುವವರು ಇದ್ದಾರೆ. ನೇರವಾಗಿ ಉತ್ತರಿಸಬೇಕಾದ ಪ್ರಶ್ನೆಯೇ ಅದು. ಈಶಾನ್ಯ ಭಾರತದ ಗುಡ್ಡಗಾಡಿನಲ್ಲಿ ಖಾಸಿ ಮತ್ತು ಕಾರ್ಬಿ ಎಂಬ ಎರಡು ಬುಡಕಟ್ಟುಗಳು ಅಕ್ಕಪಕ್ಕದಲ್ಲಿ ಬದುಕುತ್ತವೆ. ಇಬ್ಬರದೂ ಬತ್ತದ ಬೇಸಾಯ, ರಕ್ತಸಂಬಂಧದಲ್ಲೂ ಹತ್ತಿರದವರು. ಖಾಸಿಗಳಲ್ಲಿ ಆಸ್ತಿ ತಾಯಿಯಿಂದ ಕಿರಿಯ ಮಗಳಿಗೆ ಇಳಿಯುತ್ತದೆ, ಕಾರ್ಬಿಗಳಲ್ಲಿ ಗಂಡುಮಕ್ಕಳಿಗೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಎರಡೂ ಸಮುದಾಯಗಳ ಸುಮಾರು 1,300 ಜನರ ಕೈಗೆ ನಾಲ್ಕು ತುಂಡುಗಳ ಒಂದು ಜೋಡಿಸುವ ಒಗಟು ಕೊಟ್ಟರು. ಕಾರ್ಬಿಗಳಲ್ಲಿ ಗಂಡಸರು ಹೆಂಗಸರಿಗಿಂತ ಸ್ಪಷ್ಟವಾಗಿ ಬೇಗ ಜೋಡಿಸಿದರು. ಖಾಸಿಗಳಲ್ಲಿ ಆ ಅಂತರ ಕಾಣಲಿಲ್ಲ. ಒಗಟು ಜೋಡಿಸುವುದು ತರ್ಕದ ಪೂರ್ಣ ಪರೀಕ್ಷೆಯಲ್ಲ, ಒಪ್ಪುತ್ತೇನೆ. ಆದರೂ ಆಸ್ತಿ ಮತ್ತು ಶಾಲೆ ಯಾರಿಗೆ ಸಿಗುತ್ತವೆ ಎಂಬುದನ್ನು ನೋಡದೆ ಮಿದುಳಿನ ಮೇಲೆ ತಪ್ಪು ಹೊರಿಸುವವರು ಈ ಗುಡ್ಡಗಳ ಕಡೆ ಒಮ್ಮೆ ನೋಡಬೇಕು. ಇಂಥ ಮಾತು ಕಿವಿಗೆ ಬಿದ್ದರೆ ಸಾಕು, ಹೆಣ್ಣುಮಕ್ಕಳ ಗಣಿತದ ಅಂಕ ಇಳಿಯುತ್ತದೆ ಎಂಬ ಸಂಶೋಧನೆಯೂ 1990ರ ದಶಕದಲ್ಲಿ ಹೆಸರು ಮಾಡಿತ್ತು. ಆಮೇಲೆ ನಡೆದ ದೊಡ್ಡ ಅಧ್ಯಯನಗಳಲ್ಲಿ ಆ ಪರಿಣಾಮ ಅಷ್ಟು ಬಲವಾಗಿ ಕಾಣಿಸಿಲ್ಲ, ಹಾಗಾಗಿ ನಾನು ಅದನ್ನು ಆಧರಿಸುವುದಿಲ್ಲ. ಒಂದು ಮಾತು ಮಾತ್ರ ಖಚಿತ: ಸಾವಿರಾರು ಜನರ ಸರಾಸರಿ ಏನೇ ಇರಲಿ, ಎದುರಿಗೆ ಕೂತ ಒಬ್ಬ ವ್ಯಕ್ತಿಯ ವಾದ ಸರಿಯೋ ತಪ್ಪೋ ಎಂಬುದನ್ನು ಆ ಸರಾಸರಿ ಹೇಳಲಾರದು. ಹಾಗೆ ತೀರ್ಮಾನಿಸುವುದು ತರ್ಕಶಾಸ್ತ್ರದ ಮೊದಲ ಪಾಠದಲ್ಲೇ ಎಚ್ಚರಿಸುವ ದೋಷ.

ಸಾಧಿಸಿ ತೋರಿಸಲಿ, ಯಾರು ಬೇಡ ಅಂದರು ಎನ್ನುವವರಿಗೆ ನಾನು ಕ್ರಿಸ್ಟೀನ್ ಲ್ಯಾಡ್ ಫ್ರಾಂಕ್ಲಿನ್ ಅವರ ಬದುಕನ್ನು ತೋರಿಸುತ್ತೇನೆ. 1847ರಲ್ಲಿ ಅಮೆರಿಕದಲ್ಲಿ ಹುಟ್ಟಿದವರು. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಆಗ ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅವರ ಗಣಿತ ಬರಹಗಳನ್ನು ಓದಿದ್ದ ಪ್ರಾಧ್ಯಾಪಕ ಸಿಲ್ವೆಸ್ಟರ್ ಪಟ್ಟು ಹಿಡಿದದ್ದರಿಂದ ಪಾಠ ಕೇಳಲು ಅನುಮತಿ ಸಿಕ್ಕಿತು. ಚಾರ್ಲ್ಸ್ ಪರ್ಸ್ ಬಳಿ ಅವರು ಕಲಿತದ್ದು ಬೇರೇನನ್ನೂ ಅಲ್ಲ, ತರ್ಕಶಾಸ್ತ್ರವನ್ನೇ. ಎರಡು ಆಧಾರವಾಕ್ಯಗಳಿಂದ ಒಂದು ತೀರ್ಮಾನಕ್ಕೆ ಬರುವ ವಾದಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಗುರುತಿಸಲು ಅರಿಸ್ಟಾಟಲನ ಕಾಲದಿಂದ ಬಂದ ಹಲವು ಮಾದರಿಗಳನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಿದ್ದರು. ಲ್ಯಾಡ್ ಅವಕ್ಕೆಲ್ಲ ಒಂದೇ ಪರೀಕ್ಷೆ ಕೊಟ್ಟರು: ಎರಡು ಆಧಾರವಾಕ್ಯಗಳ ಪಕ್ಕದಲ್ಲಿ ತೀರ್ಮಾನದ ನಿರಾಕರಣೆಯನ್ನು ಇಡಿ, ಮೂರೂ ಒಟ್ಟಿಗೆ ನಿಜವಾಗಿರುವುದು ಅಸಾಧ್ಯವಾದರೆ ವಾದ ಸರಿ. 1882ಕ್ಕೆ ಡಾಕ್ಟರೇಟಿಗೆ ಬೇಕಾದ ಕೆಲಸವೆಲ್ಲ ಮುಗಿದಿತ್ತು, ಮರುವರ್ಷ ಪ್ರಬಂಧ ಅಚ್ಚೂ ಆಯಿತು. ಪದವಿ ಮಾತ್ರ ಕೊಡಲಿಲ್ಲ, ಹೆಂಗಸೆಂಬ ಒಂದೇ ಕಾರಣಕ್ಕೆ. ಅದು ಅವರ ಕೈಸೇರಿದ್ದು 1926ರಲ್ಲಿ, ಅವರಿಗೆ 78 ವರ್ಷವಾಗಿದ್ದಾಗ. ಅವರ ವಾದದಲ್ಲಿ ದೋಷವಿದೆ ಎಂದು ವಿಶ್ವವಿದ್ಯಾಲಯ ಹೇಳಲೇ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1933ರಲ್ಲಿ ಕಮಲಾ ಸೊಹೋನಿಯವರಿಗೂ ಹೀಗೇ ಆಯಿತು. ಹೆಂಗಸೆಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ಪ್ರವೇಶ ನಿರಾಕರಿಸಿದರು. ಕಮಲಾ ಪಟ್ಟುಬಿಡದೆ ಕೂತ ಮೇಲೆ ಷರತ್ತು ಹಾಕಿ ಸೇರಿಸಿಕೊಂಡರು. 1939ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟಿತು.

ಅದೆಲ್ಲ ಹಳೆಯ ಕಾಲದ ಮಾತು ಎನ್ನುವಂತೆಯೂ ಇಲ್ಲ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ ಸಂಶೋಧಕರು ಒಂದು ಪ್ರಯೋಗ ಮಾಡಿದರು, 2009ರಲ್ಲಿ ಅದು ಪ್ರಕಟವಾಯಿತು. ಗ್ರಾಮ ಪಂಚಾಯಿತಿ ಮುಖ್ಯಸ್ಥರ ಒಂದು ಭಾಷಣವನ್ನು ಕೆಲವರಿಗೆ ಗಂಡುದನಿಯಲ್ಲಿ, ಕೆಲವರಿಗೆ ಹೆಣ್ಣುದನಿಯಲ್ಲಿ ಕೇಳಿಸಿದರು. ಮಾತು ಅದೇ. ಮಹಿಳೆಯರಿಗೆ ಆ ಸ್ಥಾನ ಒಮ್ಮೆಯೂ ಮೀಸಲಾಗದ ಊರುಗಳ ಗಂಡಸರು ಹೆಣ್ಣುದನಿಯ ಮುಖ್ಯಸ್ಥೆ ಅಷ್ಟು ಸಮರ್ಥಳಲ್ಲ ಎಂದರು. ಮೀಸಲಾತಿಯಿಂದ ಹೆಂಗಸರ ಆಡಳಿತ ಕಂಡಿದ್ದ ಊರುಗಳಲ್ಲಿ ಆ ವ್ಯತ್ಯಾಸ ಹೋಗಿತ್ತು. ಈ ಪ್ರಯೋಗ ನನಗೆ ಬಹಳ ಮುಖ್ಯ. ಇಲ್ಲಿ ಯಾರೂ ಯಾರನ್ನೂ ಬೈದಿಲ್ಲ, ಗಾದೆ ಹೇಳಿಲ್ಲ, ಯಾರಿಗೂ ಬೇಜಾರಾಗಿಲ್ಲ. ಆದರೂ ಒಂದೇ ವಾದಕ್ಕೆ ಎರಡು ಬೆಲೆ ಬಿತ್ತು. ಮನನೊಂದವರನ್ನು ಎಣಿಸಿ ಹಾನಿಯನ್ನು ಅಳೆಯಲು ಹೊರಟರೆ ಇದು ಲೆಕ್ಕಕ್ಕೇ ಸಿಗುವುದಿಲ್ಲ. ಕರ್ನಾಟಕದಲ್ಲಿ 1987ರ ಚುನಾವಣೆಯಲ್ಲೇ ಮಂಡಲ ಪಂಚಾಯಿತಿಗಳ ಕಾಲು ಭಾಗ ಹೆಂಗಸರಿಗೆ ಮೀಸಲಾಗಿತ್ತು, ಈಗ ಅರ್ಧದಷ್ಟಿದೆ. ಅಧ್ಯಕ್ಷೆಯ ಹಿಂದೆ ಗಂಡ ಇದ್ದಾನೆ ಎಂದು ನಗುವವರು, ಅವಳು ಎರಡು ಮಾತಾಡುವಷ್ಟು ಹೊತ್ತು ಎಂದಾದರೂ ಸುಮ್ಮನೆ ಕೂತು ಕೇಳಿದ್ದಾರೆಯೇ?

ಮಹಾಭಾರತದ ಶಾಂತಿಪರ್ವದಲ್ಲಿ ಸುಲಭೆ ಎಂಬ ಸನ್ಯಾಸಿನಿ ಮಿಥಿಲೆಯ ಜನಕನ ಸಭೆಗೆ ಬರುತ್ತಾಳೆ. ತಾನು ಮುಕ್ತ ಎಂದುಕೊಂಡಿದ್ದ ರಾಜ ಅವಳನ್ನು ಯಾರವಳು, ಯಾವ ಕುಲದವಳು, ಯಾಕೆ ಬಂದೆ ಎಂದು ತುಂಬಿದ ಸಭೆಯಲ್ಲಿ ಹಂಗಿಸುತ್ತಾನೆ. ಅವಳ ಉತ್ತರ ಶುರುವಾಗುವುದೇ ಒಳ್ಳೆಯ ಮಾತಿನ ಲಕ್ಷಣ ಹೇಳುವುದರಿಂದ. ಸೂಕ್ಷ್ಮತೆ, ವಿಂಗಡಣೆ, ಕ್ರಮ, ನಿರ್ಣಯ, ಪ್ರಯೋಜನ ಎಂಬ ಐದು ಅಂಗಗಳಿರಬೇಕು. ನುಡಿಯ ಒಂಬತ್ತು, ಬುದ್ಧಿಯ ಒಂಬತ್ತು ದೋಷಗಳು ಇರಬಾರದು. ಕಾಮದಿಂದಾಗಲಿ ಕೋಪದಿಂದಾಗಲಿ ಭಯದಿಂದಾಗಲಿ ತಾನು ಮಾತಾಡುತ್ತಿಲ್ಲ ಎಂದೂ ತಿಳಿಸುತ್ತಾಳೆ. ಆಮೇಲೆ ಅವನ ಮಾತಿನಿಂದಲೇ ಅವನನ್ನು ಹಿಡಿಯುತ್ತಾಳೆ: ನೀನು ನಿಜಕ್ಕೂ ಭೇದ ದಾಟಿದವನಾದರೆ, ನೀನು ಯಾರು, ಯಾರವಳು ಎಂಬ ಪ್ರಶ್ನೆ ನಿನ್ನಲ್ಲಿ ಹುಟ್ಟಿದ್ದಾದರೂ ಹೇಗೆ? ರಾಜ ಮರುಮಾತಾಡುವುದಿಲ್ಲ. ಅವಳು ಗೆದ್ದಳು ಎಂದು ನಾವು ಹೆಮ್ಮೆಪಡುತ್ತೇವೆ, ಪಡಲೂಬೇಕು. ನನ್ನನ್ನು ಕಾಡುವುದು ಆ ಪೀಠಿಕೆ. ಹಂಗಿಸಿದವನು ಜನಕ, ಕೋಪವಿಲ್ಲದೆ, ಕ್ರಮ ತಪ್ಪದೆ ಮಾತಾಡುತ್ತೇನೆಂದು ಭರವಸೆ ಕೊಡಬೇಕಾದವಳು ಸುಲಭೆ. ಇವತ್ತಿಗೂ ಕಚೇರಿಯ ಸಭೆಯಲ್ಲಿ ಹೆಂಗಸು ‘ನಾನು ಎಮೋಷನಲ್ ಆಗಿ ಹೇಳ್ತಿಲ್ಲ, ಆದರೆ’ ಎಂದೇ ಮಾತು ಎತ್ತುವುದನ್ನು ಕೇಳುತ್ತೇನೆ. ಪಕ್ಕದ ಗಂಡಸಿಗೆ ಆ ಸುಂಕ ಕಟ್ಟುವ ಅಗತ್ಯ ಬರುವುದಿಲ್ಲ.

ಕೋಪವೂ ತರ್ಕದ ಶತ್ರುವೇನಲ್ಲ. ನನಗೆ ಅನ್ಯಾಯವಾಗಿದೆ ಎಂದು ಸಿಟ್ಟಾಗುವವಳು ಮೊದಲು ಒಂದು ತೀರ್ಮಾನಕ್ಕೆ ಬಂದಿರುತ್ತಾಳೆ: ಹೀಗಾಯಿತು, ಇದು ಸರಿಯಲ್ಲ, ಇದಕ್ಕೆ ಇಂಥವರು ಹೊಣೆ. ಆ ತೀರ್ಮಾನವನ್ನು ಪರೀಕ್ಷಿಸಬಹುದು, ತಪ್ಪಿದ್ದರೆ ತಪ್ಪೆನ್ನಬಹುದು. ಧ್ವನಿ ಏರಿತು ಎಂಬುದಷ್ಟನ್ನೇ ಹಿಡಿದು ಒಳಗಿನ ಮಾತನ್ನು ಬಿಟ್ಟುಬಿಡುವುದು ಸೋಮಾರಿತನ. ಮೇಜು ಕುಟ್ಟಿದ ಗಂಡಸಿನ ಕೋಪ ಖಡಕ್ ಸ್ವಭಾವ ಎನಿಸಿಕೊಳ್ಳುತ್ತದೆ. ಹೆಂಗಸರಿಗೆ ಒಳದೃಷ್ಟಿ ಹೆಚ್ಚು, ಹೃದಯದಿಂದ ಯೋಚಿಸುತ್ತಾರೆ ಎಂಬ ಹೊಗಳಿಕೆಯನ್ನೂ ನಾನು ಒಪ್ಪಲಾರೆ. ಲೆಕ್ಕ ಹಾಕಿ ಹೇಳಿದ್ದನ್ನು ಅದು ಊಹೆಯ ಖಾತೆಗೆ ಬರೆದುಬಿಡುತ್ತದೆ. ಗಂಡಸು ಎಂದರೆ ತರ್ಕ ಎಂಬ ನಂಬಿಕೆ ಗಂಡಸರಿಗೂ ಉಪಕಾರ ಮಾಡಿಲ್ಲ. ದುಃಖವನ್ನು ಹೇಳಿಕೊಳ್ಳಲಾಗದೆ ಒಳಗೇ ನುಂಗಿಕೊಂಡವರು ನಮ್ಮ ಮನೆಗಳಲ್ಲೇ ಇದ್ದಾರೆ.

ಭಿನ್ನಾಭಿಪ್ರಾಯ ಬೇಡವೆಂದು ನಾನು ಹೇಳುತ್ತಿಲ್ಲ, ಇನ್ನಷ್ಟು ಬರಲಿ. 2023ರ ಜನವರಿಯಲ್ಲಿ ನೋಟು ರದ್ದತಿಯ ತೀರ್ಪಿನಲ್ಲಿ ನಾಲ್ವರು ನ್ಯಾಯಮೂರ್ತಿಗಳು ಒಂದು ಕಡೆ ನಿಂತಾಗ ಕರ್ನಾಟಕದ ಬಿ.ವಿ. ನಾಗರತ್ನ ಒಬ್ಬರೇ ಇನ್ನೊಂದು ಕಡೆ ನಿಂತರು. ರಿಸರ್ವ್ ಬ್ಯಾಂಕ್ ಕಾಯ್ದೆಯ 26(2)ನೇ ಕಲಮಿನ ಅಡಿಯಲ್ಲಿ ಸರ್ಕಾರವೇ ಮುಂದಾಗಿ, ಬರೀ ಅಧಿಸೂಚನೆಯಿಂದ ಅಷ್ಟೂ ನೋಟುಗಳನ್ನು ರದ್ದು ಮಾಡುವಂತಿಲ್ಲ, ಅದಕ್ಕೆ ಶಾಸನ ಬೇಕು ಎಂಬುದು ಅವರ ನಿಲುವು. ಒಪ್ಪದವರು ಆ ಕಲಮನ್ನು ಬೇರೆ ರೀತಿ ಓದಿ ತೋರಿಸಬೇಕು. ಒಬ್ಬರ ವಾದವನ್ನು ಖಂಡಿಸುವ ಸರಿಯಾದ ರೀತಿ ಅದು. ಹಳ್ಳಿಯ ಸ್ವಸಹಾಯ ಸಂಘದಲ್ಲಿ ಸಾಲದ ಬಡ್ಡಿಯ ಬಗ್ಗೆ ಪ್ರಶ್ನೆ ಎತ್ತುವ ಸದಸ್ಯೆಗೂ ಅದೇ ರೀತಿಯ ಉತ್ತರ ಸಲ್ಲಬೇಕು.

ಹಾಗಾಗಿ ಓದುಗರಲ್ಲಿ ನನ್ನದೊಂದು ಕೇಳಿಕೆ. ಮುಂದಿನ ಸಲ ಗ್ರಾಮಸಭೆಯಲ್ಲೋ ಶಾಲೆಯ ಎಸ್‌ಡಿಎಂಸಿಯಲ್ಲೋ ಮನೆಯ ಪಾಲುಪಟ್ಟಿಯ ಮಾತುಕತೆಯಲ್ಲೋ ಒಬ್ಬ ಹೆಂಗಸು ಕಾರಣ ಕೊಟ್ಟು ಮಾತಾಡಿದರೆ, ಅವಳಿಗೆ ಬೇಜಾರಾಯಿತೇ ಎಂದು ಕೇಳುವುದನ್ನು ಆಮೇಲೆ ನೋಡೋಣ. ಅವಳು ಕೊಟ್ಟ ಕಾರಣ ಸರಿಯೋ ತಪ್ಪೋ ಎಂದು ಎಲ್ಲರೆದುರು ಉತ್ತರಿಸಿ. ನಡಾವಳಿ ಪುಸ್ತಕ ಇದ್ದರೆ, ಅವಳ ಮಾತನ್ನೂ ನಿಮ್ಮ ಉತ್ತರವನ್ನೂ ಹೆಸರು ಸಮೇತ ಅದರಲ್ಲಿ ಬರೆಸಿ.