ಔಷಧಿಗೆ ಮೊದಲು ಲೋಳೆ ನೋಡಿ

ಅಕ್ವೇರಿಯಂನ ಮೀನಿನ ಮೈಮೇಲೆ ಬಿಳಿ ಚುಕ್ಕೆ ಕಂಡಿತೆಂದರೆ ಅಂಗಡಿಯಿಂದ ನೀಲಿಯದೋ ಹಸಿರಿನದೋ ಒಂದು ಸೀಸೆ ತಂದು ನೀರಿಗೆ ಹನಿ ಹಾಕುವುದು ನಮ್ಮಲ್ಲಿ ರೂಢಿ. ರೋಗ ಯಾವುದೆಂದು ಕೊಟ್ಟವರೂ ನೋಡಿರುವುದಿಲ್ಲ, ಹಾಕಿದವರೂ ನೋಡಿರುವುದಿಲ್ಲ. ಎಷ್ಟೋ ಮೀನುಗಳು ಸಾಯುವುದು ಈ ಕುರುಡು ಚಿಕಿತ್ಸೆಯಿಂದಲೇ. ಮೀನು ಮಾರುವ ಪ್ರತಿ ಅಂಗಡಿಯಲ್ಲೂ ಒಂದು ಸಾಧಾರಣ ಮೈಕ್ರೋಸ್ಕೋಪ್ ಇರಬೇಕು, ಲೋಳೆ ಪರೀಕ್ಷಿಸದೆ ಔಷಧಿ ಕೊಡಬಾರದು.

ಕಣ್ಣಳತೆ ಇಲ್ಲಿ ಸುಲಭವಾಗಿ ಮೋಸ ಹೋಗುತ್ತದೆ. ಮೈತುಂಬ ರವೆ ಸಿಂಪಡಿಸಿದಂತೆ ಕಂಡರೆ ಅದು ಇಕ್ ಎಂಬ ವೈಟ್ ಸ್ಪಾಟ್ ರೋಗವಿರಬಹುದು. ಆದರೆ ಮರಿ ಮಾಡುವ ಕಾಲದಲ್ಲಿ ಗಂಡು ಗೋಲ್ಡ್‌ಫಿಶ್‌ನ ಕಿವಿರಿನ ಮುಚ್ಚಳದ ಮೇಲೆ, ಎದೆಯ ರೆಕ್ಕೆಯ ಅಂಚಿನಲ್ಲಿ ಸಾಲಾಗಿ ಏಳುವ ಬಿಳಿ ಗುಳ್ಳೆಗಳು ರೋಗವೇ ಅಲ್ಲ. ಮೀನು ಕಲ್ಲಿಗೆ ಮೈ ಉಜ್ಜುವುದೂ ಪರಾವಲಂಬಿಗೆ ಖಚಿತ ಸಾಕ್ಷಿಯಲ್ಲ. ನೀರಿನಲ್ಲಿ ಅಮೋನಿಯಾ ಹೆಚ್ಚಿದರೂ, ಕ್ಲೋರಿನ್ ಹೋಗದ ನಲ್ಲಿನೀರು ಸುರಿದರೂ ಅದು ಹಾಗೆಯೇ ಒದ್ದಾಡುತ್ತದೆ. ಆಗ ಪರಾವಲಂಬಿಯೆಂದು ತಿಳಿದು ಫಾರ್ಮಾಲಿನ್ ಎಂಬ ಔಷಧಿ ಹಾಕಿದರೆ ನೀರಿನ ಆಮ್ಲಜನಕವೂ ಇಳಿದು, ಮೊದಲೇ ಸೋತ ಮೀನಿಗೆ ಉಸಿರು ಕಟ್ಟುತ್ತದೆ. ಇಂಥದೇ ಮತ್ತೊಂದು ಔಷಧಿಯಾದ ಮ್ಯಾಲಕೈಟ್ ಗ್ರೀನ್ ಅನ್ನು ತಿನ್ನುವ ಮೀನಿಗೆ ಬಳಸಬಾರದೆಂದು ಹಲವು ದೇಶಗಳು ನಿಷೇಧಿಸಿವೆ. ಟೆಟ್ರಾದಂಥ ಸೂಕ್ಷ್ಮ ಮೀನುಗಳು ಅದರ ಪೂರ್ಣ ಪ್ರಮಾಣವನ್ನು ತಡೆದುಕೊಳ್ಳುವುದು ಕಷ್ಟ.

ರೋಗ ನಿಜಕ್ಕೂ ಇಕ್ ಆಗಿದ್ದರೂ ಅದರ ಬದುಕಿನ ಕ್ರಮ ತಿಳಿಯದೆ ಗುಣಪಡಿಸಲಾಗದು. ಚುಕ್ಕೆಯೊಳಗಿನ ಜೀವಿ ಚರ್ಮದ ಮೇಲ್ಪದರದ ಅಡಿಯಲ್ಲಿ ಅಡಗಿರುವುದರಿಂದ ನೀರಿಗೆ ಹಾಕಿದ ಔಷಧಿ ಅದಕ್ಕೆ ತಾಗುವುದಿಲ್ಲ. ಬೆಳೆದ ಮೇಲೆ ಅದು ಮೀನನ್ನು ಬಿಟ್ಟು ತಳಕ್ಕಿಳಿಯುತ್ತದೆ, ಕೋಶ ಕಟ್ಟಿಕೊಂಡು ಒಡೆದು ನೂರಾರು ಮರಿಗಳಾಗುತ್ತದೆ. ಹೊರಬಂದ ಮರಿಗಳು ಸುಮಾರು 2 ದಿನದೊಳಗೆ ಮೀನನ್ನು ಹಿಡಿಯದಿದ್ದರೆ ಸಾಯುತ್ತವೆ. ಔಷಧಿ ಕೊಲ್ಲುವುದು ಈಜಾಡುವ ಈ ಮರಿಗಳನ್ನು ಮಾತ್ರ. 25 ಡಿಗ್ರಿಯ ಆಸುಪಾಸಿನಲ್ಲಿ ಈ ಸುತ್ತು ವಾರದೊಳಗೆ ಮುಗಿದರೆ, ತಣ್ಣನೆಯ ನೀರಿನಲ್ಲಿ ವಾರಗಟ್ಟಲೆ ಎಳೆಯುತ್ತದೆ. ಚುಕ್ಕೆ ಮಾಯವಾಯಿತೆಂದು ಔಷಧಿ ನಿಲ್ಲಿಸುವವರು ಮರಿಗಳು ಹೊರಬರುವ ಹೊತ್ತಿಗೇ ಕೈಬಿಟ್ಟಂತೆ. ಇನ್ನು ಮೈಗೆ ಅಂಟುವ ಫ್ಲೂಕ್ ಎಂಬ ಚಪ್ಪಟೆ ಹುಳು ಬರಿಗಣ್ಣಿಗೆ ಸಾಮಾನ್ಯವಾಗಿ ಕಾಣದು. ಅದಕ್ಕೆ ಬೇಕಾದ ಪ್ರಾಜಿಕ್ವಾಂಟೆಲ್ ಇಕ್‌ಗೆ ನಾಟದು.

ಇಪ್ಪತ್ತು ರೂಪಾಯಿಯ ಮೀನಿಗೆ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ರೋಗ ಒಂದು ಮೀನಿಗೆ ನಿಲ್ಲುವುದಿಲ್ಲ, ಇಡೀ ತೊಟ್ಟಿಯನ್ನು ಹಿಡಿಯುತ್ತದೆ. ಬೆಲೆ ಕಡಿಮೆಯೆಂದು ನೋವು ಕಡಿಮೆಯಾಗುವುದೂ ಇಲ್ಲ. ತಡವಾದರೆ ಮೀನು ಸಾಯುತ್ತದಲ್ಲ ಎಂಬ ಆತಂಕ ಇದಕ್ಕಿಂತ ಗಂಭೀರವಾದದ್ದು. ಆದರೆ ಪರೀಕ್ಷೆಗೆ ಹಿಡಿಯುವುದು ಕೆಲವೇ ನಿಮಿಷ. ಒದ್ದೆ ಕೈಯಲ್ಲಿ ಮೀನನ್ನು ಹಿಡಿದು, ಕವರ್ ಸ್ಲಿಪ್ಪಿನ ಅಂಚಿನಿಂದ ತಲೆಯ ಕಡೆಯಿಂದ ಬಾಲದ ಕಡೆಗೆ ಹಗುರವಾಗಿ ಲೋಳೆ ಸವರಿಕೊಂಡು, ಅದೇ ತೊಟ್ಟಿಯ ನೀರಿನ ಹನಿಯಲ್ಲಿಟ್ಟು ನೋಡಿದರೆ ಸಾಕು. ನಿಧಾನವಾಗಿ ಉರುಳುವ ದುಂಡನೆಯ ಜೀವಿ, ಅದರೊಳಗೆ ಕುದುರೆಲಾಳದ ಆಕಾರದ ಕೋಶಕೇಂದ್ರ ಕಂಡರೆ ಇಕ್; ಕೊಕ್ಕೆ ಊರಿ ಹಿಗ್ಗುತ್ತ ಕುಗ್ಗುತ್ತ ಹೊರಳಿದರೆ ಫ್ಲೂಕ್. ಪರೀಕ್ಷೆಗೆ ಮೊದಲೇ ಅಮೋನಿಯಾ ಅಳೆಯುವುದರಿಂದ, ತೊಟ್ಟಿಯ ಸ್ವಲ್ಪ ನೀರು ತೆಗೆದು ಕ್ಲೋರಿನ್ ಕಳೆದ ನೀರು ತುಂಬುವುದರಿಂದ, ಗಾಳಿ ಪಂಪ್ ಹೆಚ್ಚಿಸುವುದರಿಂದ ಹಾನಿಯೇನಿಲ್ಲ.

ಅಂಗಡಿಯವರಿಗೆ ಇದನ್ನು ಕಲಿಸುವವರು ಯಾರು? ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜಿದೆ. ಒಂದೆರಡು ದಿನದ ತರಬೇತಿಯನ್ನು ಅಂಥ ಸಂಸ್ಥೆ ನಡೆಸಬಹುದು, ಅದನ್ನು ಪಡೆದವರಿಗಷ್ಟೇ ಔಷಧಿ ಮಾರುವ ಅವಕಾಶ ಕೊಡಬಹುದು.